ಭದ್ರಾವತಿಗೆ ಕುಣಿಯಲು ಹೋದದ್ದು

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಇದನ್ನೂ ಒಂದು ಪ್ರವಾಸ ಅಂತ ಬರೆದರೆ ನಮ್ಮೂರವರು ನಕ್ಕಾರು. ಕಾಲೇಜಿಗೆ, ಕೋರ್ಟಿಗೆ, ಡಾಕ್ಟರ ಹತ್ತಿರ, ಮದುವೆ ಊಟಕ್ಕೆ ಅಂತ ಜನ ದಿನಾ ಅಡ್ಡಾಡುವ ದಾರಿ. ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಕಂಡಕ್ಟರ್ "ಭದ್ರಾವತಿ, ಯಾರ್ರೀ ಇಳ್ಯೋರು" ಅಂತ ಕೂಗಿರುತ್ತಾನೆ. ಆದರೆ ಮನೆಯ ಗೇಟು ದಾಟಿ ರಸ್ತೆಗೆ ಬರುವುದೇ ಕಾಶಿಯಾತ್ರೆಯಷ್ಟು ದೂರ ಅನ್ನಿಸುತ್ತಿದ್ದ ಕಾಲದಲ್ಲಿ ನಾನು ಈ ದಾರಿ ಹಿಡಿದವನು. ಹಾಗಾಗಿ ನನ್ನ ಮಟ್ಟಿಗೆ ಇದು ಪ್ರವಾಸವೇ.

ಕಾರಣ ಹೇಳಿಬಿಡುತ್ತೇನೆ. ನಮ್ಮ ಒಬ್ಬನೇ ಮಗ ತೀರಿಕೊಂಡ. ಇಪ್ಪತ್ತಾರರ ಹುಡುಗ, ಬೈಕ್ ತೆಗೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಶಕ್ತಿಯೂ ಇಲ್ಲ, ಇಷ್ಟವೂ ಇಲ್ಲ. ನಾನು ಬರೆಯಹೊರಟಿರುವುದು ಆಮೇಲಿನ ದಿನಗಳನ್ನು.

ಶಿವಮೊಗ್ಗ ದೊಡ್ಡ ಊರಾಯಿತು ಅನ್ನುತ್ತಾರೆ. ಇರಬಹುದು. ಆದರೆ ಇಲ್ಲೇ ಹುಟ್ಟಿ, ಇಲ್ಲೇ ಕೆಲಸ ಮಾಡಿ ನಿವೃತ್ತನಾದವನಿಗೆ ಗಾಂಧಿ ಬಜಾರಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಮೂರು ಜನ ಗುರುತಿನವರು. ಅವರೆಲ್ಲ ಒಳ್ಳೆಯವರೇ. ಕಂಡೊಡನೆ ಅವರ ದನಿ ಇಳಿಯುತ್ತದೆ, ಮುಖ ಒಂದು ಕಡೆಗೆ ವಾಲುತ್ತದೆ, ಕೈ ನನ್ನ ಮುಂಗೈ ಹಿಡಿಯುತ್ತದೆ. ಹಿರಿಯರಾದರೆ "ಪುತ್ರಶೋಕಂ ನಿರಂತರಂ" ಅಂತ ಒಂದು ಮಾತು ಹೇಳಿ ನಿಟ್ಟುಸಿರು ಬಿಡುತ್ತಾರೆ. ಸಮಾಧಾನಕ್ಕೆ ಹೇಳಿದ ಮಾತು ನನ್ನ ಕಿವಿಗೆ ಜೀವಾವಧಿ ಶಿಕ್ಷೆಯ ತೀರ್ಪಿನ ಹಾಗೆ ಬೀಳುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ತರಕಾರಿಯವನದು. ಅವನ ಹತ್ತಿರ ನಾನು ವರ್ಷಗಟ್ಟಲೆ ಚೌಕಾಸಿ ಮಾಡಿದವನು. ಹುರುಳಿಕಾಯಿ ಎಳೆಯದಲ್ಲ ಅಂತ ನಾನು, ಮಳೆ ಬಂದರೆ ಎಳೆಯದು ಎಲ್ಲಿಂದ ತರಲಿ ಸಾರ್ ಅಂತ ಅವನು. ಆ ಸಾವಿನ ನಂತರ ಅವನು ಚೌಕಾಸಿಗೆ ಬರುವುದನ್ನೇ ಬಿಟ್ಟ. ನಾನು ಹೇಳಿದ ಬೆಲೆಗೆ ತಲೆಯಾಡಿಸಿ, ಮೇಲೊಂದು ಹಿಡಿ ಕೊತ್ತಂಬರಿ ಹಾಕಿ, ನನ್ನ ಮುಖ ನೋಡದೆ ಚೀಲ ಕೊಡುತ್ತಿದ್ದ. ಆ ಕೊತ್ತಂಬರಿ ಸೊಪ್ಪು ಮನೆಗೆ ತರುವುದೆಂದರೆ ನನಗೆ ಸಂಕಟ. ಯಾರಾದರೂ ನನ್ನ ಹತ್ತಿರ ಜಗಳಕ್ಕೆ ಬಂದರೆ ಸಾಕು ಅನ್ನಿಸುತ್ತಿತ್ತು.

ಹೀಗಿರುವಾಗ ಭದ್ರಾವತಿಯಿಂದ ನಾದಿನಿಯ ಫೋನ್ ಬಂತು. ನನ್ನ ಹೆಂಡತಿಗೆ ಚಿಕ್ಕಮ್ಮನ ಮಗಳು, ನ್ಯೂ ಟೌನಿನಲ್ಲಿ ಮನೆ. ಅವಳ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು, ಈಗಿಲ್ಲ. ಮಗಳು ಅಮೆರಿಕದ ಡಲ್ಲಾಸಿನಲ್ಲಿದ್ದಾಳೆ. ಬಾಣಂತನಕ್ಕೆ ಅಂತ ಅಲ್ಲಿಗೆ ಹೋದ ಇವಳು, ವಯಸ್ಸಾದವರು ಸೇರುವ ಒಂದು ಕೇಂದ್ರದಲ್ಲಿ ಲೈನ್ ಡ್ಯಾನ್ಸ್ ಕಲಿತು ಬಂದಿದ್ದಳು. ಊರಿಗೆ ಬಂದ ಮೇಲೆ ಅಕ್ಕಪಕ್ಕದವರನ್ನು ಸೇರಿಸಿ ವಾರಕ್ಕೆರಡು ಸಂಜೆ ಕುಣಿಸುತ್ತಿದ್ದಳು. "ಭಾವ, ನಮ್ಮಲ್ಲಿ ಒಬ್ಬರು ಕಡಿಮೆ ಬಿದ್ದಿದ್ದಾರೆ, ನೀವು ಬರಲೇಬೇಕು" ಅಂದಳು. ನಾನು ಸುಮ್ಮನಿದ್ದೆ. "ದುಃಖ ಮರೀಲಿ ಅಂತ ಕರೀತಿಲ್ಲ ಭಾವ. ನಮಗೆ ಜನ ಸಾಲಲ್ಲ, ಅದಕ್ಕೆ."

ಎಷ್ಟೋ ತಿಂಗಳಿಂದ ನನ್ನಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ. ಎಲ್ಲರೂ ಕೊಡುವವರೇ. ಒಂದು ಕೆಲಸಕ್ಕೆ ಆಳು ಕಡಿಮೆ, ಬಾ ಅಂತ ಕರೆದವಳು ಅವಳೊಬ್ಬಳೇ. ಹೆಂಡತಿಯನ್ನು ಕೇಳಿದೆ. "ಹೋಗಿ ಬನ್ನಿ. ನನ್ನನ್ನ ಕರೀಬೇಡಿ" ಅಂದಳು.

ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಬಸ್ಸು ಊರು ಬಿಟ್ಟು ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟುತ್ತದೆ. ಮಲವಗೊಪ್ಪದಲ್ಲಿ ಮುಚ್ಚಿಹೋದ ಸಕ್ಕರೆ ಕಾರ್ಖಾನೆ. ಮಾಚೇನಹಳ್ಳಿಯಲ್ಲಿ ಹಾಲಿನ ಡೇರಿ, ಕೈಗಾರಿಕಾ ವಸಾಹತು. ಭದ್ರಾವತಿಗೆ ಬಂದರೆ 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಎಂಪಿಎಂ; ಅದರ ಯಂತ್ರಗಳು ನಿಂತು ಬಹಳ ವರ್ಷಗಳಾದವು. ಇನ್ನು ಕಬ್ಬಿಣದ ಕಾರ್ಖಾನೆ. ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು, ಭದ್ರೆಯ ನೀರು, ಈ ಮೂರನ್ನು ನಂಬಿ ಕಟ್ಟಿದ್ದು. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ ಇದರ ಆಡಳಿತ ವಹಿಸಿಕೊಂಡು ದಡ ಸೇರಿಸಿದರು; ಮುಂದೆ ಅವರ ಹೆಸರೇ ಅದಕ್ಕಾಯಿತು. ಊರಿನ ಹಳೇ ಹೆಸರು ಬೆಂಕಿಪುರ. ಕಾರ್ಖಾನೆ ಬರುವ ಮೊದಲೇ ಇದ್ದ ಹೆಸರು ಅದು ಅಂದರೆ ಹೊಸಬರು ನಂಬುವುದಿಲ್ಲ.

2023ರ ಜನವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ನೂರು ವರ್ಷ ತುಂಬಿದ ತಿಂಗಳಲ್ಲೇ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದಾಗಿ ಒಂದು ತಿಂಗಳಿಗೆ, ಫೆಬ್ರವರಿ 27ರಂದು, ಇದೇ ಶಿವಮೊಗ್ಗ–ಭದ್ರಾವತಿ ನಡುವಿನ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಒಂದೇ ದಾರಿಯಲ್ಲಿ ಒಂದು ಕಡೆ ಬ್ಯಾಂಡು, ಇನ್ನೊಂದು ಕಡೆ ಧರಣಿಯ ಶಾಮಿಯಾನ. ಕಾರ್ಖಾನೆಯಲ್ಲಿ ಆಮೇಲೆ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು ಅನ್ನುವುದೂ ನಿಜ. ಆದರೆ ಕ್ವಾರ್ಟರ್ಸುಗಳ ಸಾಲಿನಲ್ಲಿ ನಡೆದರೆ ಗೊತ್ತಾಗುತ್ತದೆ. ದಪ್ಪ ಗೋಡೆ, ಎತ್ತರದ ಚಾವಣಿ, ಮುಂದೆ ಹಲಸಿನ ಮರ. ಬಾಗಿಲಿಗೆ ಬೀಗ, ಮೆಟ್ಟಿಲ ಮೇಲೆ ಹುಲ್ಲು.

ಈ ಊರಿಗೆ ಬಂದಾಗ ನನಗೆ ಉಸಿರಾಟ ಹಗುರಾಗುತ್ತಿತ್ತು. ಯಾಕೆ ಅಂತ ಬಹಳ ದಿನ ತಿಳಿದಿರಲಿಲ್ಲ. ನನ್ನ ಗುರುತಿನವರಿಲ್ಲ ಅನ್ನುವುದು ಒಂದು. ಇನ್ನೊಂದು, ಇಲ್ಲಿ ಕಳೆದುಕೊಳ್ಳದವರು ಯಾರೂ ಇಲ್ಲ. ಕೆಲಸ ಹೋದವರು, ಸ್ವಯಂ ನಿವೃತ್ತಿ ತೆಗೆದುಕೊಂಡವರು, ಮಕ್ಕಳೆಲ್ಲ ಬೆಂಗಳೂರು ಸೇರಿ ಒಂಟಿಯಾದವರು. ಪಾಳಿಯ ಹೊತ್ತಿಗೆ ಏಳುವ, ಮಲಗುವ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಪಾಳಿ ಮಾತ್ರ ಇಲ್ಲ. ಇಂಥ ಊರಿನಲ್ಲಿ ಒಬ್ಬನ ಮುಖ ನೋಡಿ ಇನ್ನೊಬ್ಬ ದನಿ ಇಳಿಸುವುದಿಲ್ಲ. ಅದಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಬೇಗ ತಲುಪಿದ ದಿನಗಳಲ್ಲಿ ಹಳೇ ಊರಿನ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ಕೂತಿರುತ್ತಿದ್ದೆ. ಹದಿಮೂರನೇ ಶತಮಾನದ ಹೊಯ್ಸಳರ ಗುಡಿ, ತ್ರಿಕೂಟ. ನಡುವೆ ನರಸಿಂಹ, ಪಕ್ಕದ ಗರ್ಭಗುಡಿಗಳಲ್ಲಿ ವೇಣುಗೋಪಾಲ, ಪುರುಷೋತ್ತಮ. ಕೂತಿದ್ದೆ ಅನ್ನುವುದು ಸರಿ. ಪೂಜೆ ಮಾಡಿಸಿದೆ ಅಂದರೆ ಸುಳ್ಳಾಗುತ್ತದೆ. ಆಗ ನನಗೂ ದೇವರಿಗೂ ಮಾತಿರಲಿಲ್ಲ. ಜಗತಿಯ ಮೇಲೆ ಗುಡಿಯ ಸುತ್ತ ನಡೆಯುವುದಷ್ಟೇ ಕೆಲಸ. ಅದು ನಕ್ಷತ್ರದ ಆಕಾರದ್ದು, ನೇರ ಒಂದು ಸುತ್ತು ಹಾಕುವಂತಿಲ್ಲ. ಮೂಲೆ ಮೂಲೆಗೂ ತಿರುಗಬೇಕು. ತಿರುಗುವ ಲೆಕ್ಕ ಇಟ್ಟುಕೊಂಡು ನಡೆದರೆ ತಲೆಯಲ್ಲಿ ಬೇರೇನೂ ಬರುವುದಿಲ್ಲ ಅಂತ ನನಗೆ ಮೊದಲು ಗೊತ್ತಾದದ್ದು ಅಲ್ಲೇ.

ತರಗತಿ ಒಂದು ಬಡಾವಣೆಯ ಸಮುದಾಯ ಭವನದಲ್ಲಿ. ರೆಡ್ ಆಕ್ಸೈಡ್ ನೆಲ, ಮೂಲೆಯಲ್ಲಿ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿ, ಯಾವುದೋ ನಾಮಕರಣದ ಥರ್ಮೋಕೋಲ್ ಅಕ್ಷರ ಗೋಡೆಯ ಮೇಲೆ ಹಾಗೇ ಉಳಿದಿತ್ತು. ಹತ್ತು ಹನ್ನೆರಡು ಹೆಂಗಸರು, ಮೂರ್ನಾಲ್ಕು ಗಂಡಸರು. ಹೆಚ್ಚಿನವರು ಅರವತ್ತು ದಾಟಿದವರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳೀ ಕ್ಯಾನ್ವಾಸ್ ಷೂ.

ಲೈನ್ ಡ್ಯಾನ್ಸ್ ಅಮೆರಿಕದ ಕಂಟ್ರಿ ಸಂಗೀತದ ಜೊತೆ ಬೆಳೆದದ್ದು. 1992ರಲ್ಲಿ ಬಿಲ್ಲಿ ರೇ ಸೈರಸ್ ಹಾಡಿದ ಒಂದು ಹಾಡಿನಿಂದ ಅದು ಜಗತ್ತೆಲ್ಲ ಹಬ್ಬಿತು ಅನ್ನುತ್ತಾರೆ. ನನ್ನ ನಾದಿನಿಗೆ ಅದೆಲ್ಲ ಬೇಕಿಲ್ಲ. ಹೆಜ್ಜೆ ಅಲ್ಲಿಯದು, ಹಾಡು ರಾಜ್‌ಕುಮಾರ್ ಅವರದು. ಜೋಡಿ ಬೇಕಿಲ್ಲ, ಕೈ ಹಿಡಿಯುವುದಿಲ್ಲ. ಎಲ್ಲರೂ ಸಾಲು ಸಾಲಾಗಿ ನಿಂತು ಒಂದೇ ಕಡೆಗೆ ಮುಖ ಮಾಡಿ ಒಂದೇ ಹೆಜ್ಜೆ ಹಾಕಬೇಕು. ಬಲಕ್ಕೆ ಒಂದು, ಹಿಂದಿನಿಂದ ಎಡಗಾಲು ದಾಟಿಸು, ಮತ್ತೆ ಬಲಕ್ಕೆ, ತಟ್ಟು. ಎಡಕ್ಕೂ ಹಾಗೇ. ಹೀಗೆ 32 ಎಣಿಕೆ ಆದ ಮೇಲೆ ಕಾಲು ಸುತ್ತು ತಿರುಗಿ ಪಕ್ಕದ ಗೋಡೆಗೆ ಮುಖ ಮಾಡಿ ಮೊದಲಿಂದ ಶುರು. ನಾಲ್ಕು ಗೋಡೆಗೂ ಆಗಬೇಕು.

ಎಲ್ಲರೂ ಒಂದೇ ಕಡೆ ನೋಡುತ್ತಾರೆ ಅನ್ನುವುದರಲ್ಲಿ ಏನಿದೆ ಅಂತ, ಸಂತಾಪ ಸ್ವೀಕರಿಸಿ ಸುಸ್ತಾದವರಿಗೆ ಹೇಳಬೇಕಿಲ್ಲ. ಸಂತಾಪಕ್ಕೆ ಮುಖಕ್ಕೆ ಮುಖ ಕೊಡಬೇಕು. ಇಲ್ಲಿ ನನಗೆ ಕಾಣುತ್ತಿದ್ದದ್ದು ಮುಂದಿನವರ ಬೆನ್ನು, ಜಡೆ, ಬೆವರಿದ ರವಿಕೆ, ಒಬ್ಬರ ಷೂವಿನ ಬಿಚ್ಚಿದ ಲಾಡಿ. ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ನಾನು ಹೋಗಿ ನಿಂತದ್ದು ಕೊನೇ ಸಾಲಿನ ಕೊನೇ ಮೂಲೆಯಲ್ಲಿ.

ಆದರೆ ನಾಲ್ಕು ಗೋಡೆಯ ಲೆಕ್ಕ ನನಗೆ ಮೊದಲು ಹೊಳೆದಿರಲಿಲ್ಲ. ಎರಡು ಸಲ ಕಾಲು ಸುತ್ತು ತಿರುಗಿದರೆ ಕೊನೇ ಸಾಲೇ ಮೊದಲ ಸಾಲು. ಮುಂದೆ ನೋಡಿಕೊಂಡು ಹೆಜ್ಜೆ ಹಾಕಲು ಬೆನ್ನೇ ಇಲ್ಲ, ಬರೀ ಸುಣ್ಣದ ಗೋಡೆ. ಹಿಂದೆ ಹದಿನಾಲ್ಕು ಜನ ನನ್ನ ಕಾಲು ನೋಡಿಕೊಂಡು ಕುಣಿಯುತ್ತಿದ್ದಾರೆ! ನಾನು ಎಡಕ್ಕೆ ಹೋದೆ, ಅರ್ಧ ಸಾಲು ಎಡಕ್ಕೆ ಬಂತು. ಉಳಿದರ್ಧ ಬಲಕ್ಕೆ. ಒಬ್ಬರಿಗೊಬ್ಬರು ಡಿಕ್ಕಿ. "ಭಾವ, ಮುಂದಿದ್ದೋರು ಸರಿಯಾಗಿ ಹಾಕ್ಬೇಕು, ಊರೆಲ್ಲಾ ನಿಮ್ಮ ಹಿಂದಿದೆ" ಅಂತ ನಾದಿನಿ ಗದರಿಸಿದಳು. ಯಾರೋ ನನ್ನನ್ನು ಗದರಿಸಿ ಬಹಳ ಕಾಲವಾಗಿತ್ತು.

ಅರ್ಧ ಗಂಟೆ ಇದಾದ ಮೇಲೆ ಕೋಲಾಟ. ಅದು ಮೇಷ್ಟ್ರ ಸುಪರ್ದಿ. ಫೌಂಡ್ರಿಯಲ್ಲಿ ಅಚ್ಚು ಕಟ್ಟುತ್ತಿದ್ದ ಮನುಷ್ಯ, ಎಪ್ಪತ್ತರ ಮೇಲಾಗಿದೆ. ಅವರ ತಂದೆ ಚನ್ನರಾಯಪಟ್ಟಣದ ಕಡೆಯಿಂದ ಕೂಲಿಗೆ ಬಂದು ಕಾರ್ಖಾನೆ ಸೇರಿದವರು. ಬರುವಾಗ ಊರಿನ ಕೋಲಾಟವನ್ನೂ ತಂದರು. ಭದ್ರಾವತಿಯಲ್ಲಿ ಹೀಗೆ ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವವರೆಲ್ಲ ಒಂದೇ ಬೀದಿಯಲ್ಲಿದ್ದು, ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಕುಣಿದು ಬೆಳೆದವರು. ಮೇಷ್ಟ್ರಿಗೆ ನಾದಿನಿಯ "ಫೈವ್, ಸಿಕ್ಸ್, ಸೆವೆನ್, ಏಟ್" ಕೇಳಿದರೆ ಕಿರಿಕಿರಿ. "ಐದರಿಂದ ಯಾಕಮ್ಮ ಶುರು, ಒಂದು ಎರಡು ಮೂರು ನಾಲ್ಕು ಏನ್ ಪಾಪ ಮಾಡಿತ್ತು" ಅನ್ನುತ್ತಾರೆ.

ಕೋಲುಗಳು ಅವರೇ ಮಾಡಿಸಿದ್ದು, ಒಂದೂವರೆ ಅಡಿ ಉದ್ದ, ಬೈನೆ ಮರದವು. ಒನಕೆಗೆ ಬಳಸುವ ಮರ, ಗಟ್ಟಿ, ಕಪ್ಪು ಗೆರೆ. ಕೈಗೆ ಕೊಡುವಾಗ ಒಂದಕ್ಕೊಂದು ತಟ್ಟಿ ಕಿವಿಗಿಟ್ಟು ಕೇಳಿ ಕೊಡುತ್ತಾರೆ. ಬಿರುಕಿದ್ದರೆ ಸದ್ದು ಒಡೆಯುತ್ತದಂತೆ. ನನಗೆ ಕಲಿಸುವಾಗ ಅವರು ಬೈದದ್ದೇ ಹೆಚ್ಚು. "ನಿಮ್ಮ ಎಡಗಾಲು ಯಾಕ್ರೀ ರಜಾ ಹಾಕಿದೆ?"

ಲೈನ್ ಡ್ಯಾನ್ಸಿನಲ್ಲಿ ಯಾರ ಮುಖವೂ ಇಲ್ಲ. ಕೋಲಾಟದಲ್ಲಿ ಎಲ್ಲರ ಮುಖವೂ ಉಂಟು, ಆದರೆ ಒಂದೊಂದು ಏಟಿನ ಹೊತ್ತಿಗೆ ಮಾತ್ರ. ಎದುರಿಗೆ ಒಬ್ಬರು ಬರುತ್ತಾರೆ. ಅವರ ಕೋಲಿಗೆ ನಿಮ್ಮ ಕೋಲು ತಾಗಬೇಕು. ಕಣ್ಣಿಗೆ ಕಣ್ಣು ಕೊಡದಿದ್ದರೆ ಬೆರಳಿಗೆ ಬೀಳುತ್ತದೆ. ತಾಗಿದ ಮರುಕ್ಷಣ ಅವರು ದಾಟಿ ಹೋದರು, ಮುಂದಿನವರು ಬಂದರು. ಹೇಗಿದ್ದೀರಿ ಅಂತ ಕೇಳಲು ಸಮಯವಿಲ್ಲ. ಉತ್ತರ ಹೇಳಬೇಕಾದ ಕಷ್ಟವೂ ಇಲ್ಲ. ಮನುಷ್ಯರ ಮುಖ ನೋಡುವುದನ್ನು ನಾನು ಮತ್ತೆ ಕಲಿತದ್ದು ಹೀಗೆ, ಚೂರು ಚೂರಾಗಿ.

ಮೇಷ್ಟ್ರಿಗೆ ಪ್ರಾಣ ಇರುವುದು ಜಡೆ ಕೋಲಾಟದ ಮೇಲೆ. ಚಾವಣಿಯ ಕೊಂಡಿಗೆ ಹದಿನಾರು ಬಣ್ಣದ ಪಟ್ಟಿ ಇಳಿಬಿಟ್ಟಿರುತ್ತಾರೆ, ಹಳೇ ಸೀರೆ ಸೀಳಿ ಹೊಲಿದವು. ಒಬ್ಬೊಬ್ಬರ ಎಡಗೈಗೆ ಒಂದೊಂದು ಪಟ್ಟಿ, ಬಲಗೈಯಲ್ಲಿ ಕೋಲು. ಎಂಟು ಜನ ಬಲಸುತ್ತು, ಎಂಟು ಜನ ಎಡಸುತ್ತು. ಎದುರು ಬಂದವರನ್ನು ಒಮ್ಮೆ ಒಳಗಿನಿಂದ, ಮುಂದಿನವರನ್ನು ಹೊರಗಿನಿಂದ, ಹೀಗೆ ಹಾವಿನ ನಡೆಯಲ್ಲಿ ದಾಟುತ್ತ ಹೋದರೆ ನೆತ್ತಿಯ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಹೆಣೆದಷ್ಟೂ ಪಟ್ಟಿ ಗಿಡ್ಡವಾಗುತ್ತದೆ, ಸುತ್ತು ಕಿರಿದಾಗುತ್ತದೆ, ಕೊನೆಗೆ ಹದಿನಾರು ಜನರ ಭುಜಕ್ಕೆ ಭುಜ ತಾಗುತ್ತದೆ.

ಹೆಣೆಯುವುದು ಸುಲಭ, ಬಿಚ್ಚುವುದು ಕಷ್ಟ. ಎಲ್ಲರೂ ತಿರುಗಿ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಕಡೆಯಲ್ಲಿ ಯಾರನ್ನು ದಾಟಿದ್ದಿರೋ ಅವರನ್ನೇ ಮೊದಲು ದಾಟಬೇಕು. ಆಗ ಹೊರಗಿನಿಂದ ಹೋಗಿದ್ದವರು ಈಗಲೂ ಹೊರಗಿನಿಂದಲೇ. ಒಬ್ಬರು ಒಂದು ಸಲ ಒಳಹೊರಗು ತಪ್ಪಿದರೆ ಅಲ್ಲೊಂದು ಗಂಟು. ಮಿಕ್ಕವರು ಎಷ್ಟು ಸರಿ ಹಾಕಿದರೂ ಆ ಗಂಟು ಬಿಡುವುದಿಲ್ಲ. ಎಲ್ಲರೂ ನಿಲ್ಲಬೇಕು, ಮೇಷ್ಟ್ರು ಕತ್ತೆತ್ತಿ ನೋಡಿ "ಹಸಿರು ತಪ್ಪಿದ್ದು" ಅಂತ ಹೇಳಬೇಕು, ಹಸಿರಿನವರು ಒಂದು ಹೆಜ್ಜೆ ವಾಪಸು ಬರಬೇಕು. ಜನ ಸಮ ಸಂಖ್ಯೆಯಲ್ಲೇ ಇರಬೇಕು. ಹದಿನೈದು ಜನರಿಂದ ಜಡೆ ಆಗುವುದಿಲ್ಲ. ನನ್ನನ್ನು ಕರೆದದ್ದು ಯಾಕೆ ಅಂತ ಆಗ ತಿಳಿಯಿತು. ನನ್ನ ಪಟ್ಟಿ ನೀಲಿ.

ಒಂದು ಸಂಜೆ ಬಿಚ್ಚುವಾಗ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡುಬಿಟ್ಟರು. ಅವರದು ಗಂಭೀರ ಸ್ವಭಾವ, ಕುಣಿಯುವಾಗಲೂ ಜೇಬಿನಲ್ಲಿ ಪೆನ್ನು. ಬಿಡಿಸಿಕೊಳ್ಳಲು ಸುತ್ತು ಹಾಕಿದರು, ಇನ್ನೊಂದು ಸುತ್ತು ಬಿಗಿಯಿತು. "ಸಾಲ ಕೊಡುವಾಗ ಹೀಗೇ ಕಟ್ಟಿಹಾಕ್ತಿದ್ರಿ ಅಲ್ವಾ ಸಾರ್" ಅಂದರು ಒಬ್ಬ ಹೆಂಗಸು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದು ತಿಳಿದದ್ದು ಆಮೇಲೆ, ಬಸ್ಸಿನಲ್ಲಿ. ಕಿಟಕಿಯ ಹೊರಗೆ ಮಾಚೇನಹಳ್ಳಿಯ ದೀಪಗಳು ಹೋಗುತ್ತಿದ್ದವು. ಎದೆಯಲ್ಲಿ ಏನೋ ಕಿತ್ತಂತಾಯಿತು. ಅವನಿಗೆ ಮೋಸ ಮಾಡಿದೆನೇನೋ ಅನ್ನಿಸಿತು. ಮಕ್ಕಳನ್ನು ಕಳೆದುಕೊಂಡವರಿಗೆ ಈ ಅಳುಕು ಗೊತ್ತಿರುತ್ತದೆ. ಅಳು ಬಂದರೆ ಕರಗುವುದು, ನಗು ಬಂದರೆ ತಪ್ಪಿತಸ್ಥನಾಗುವುದು. ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು: ನನಗೆ ಹಸಿವಾಗಿತ್ತು. ಹೊತ್ತಾಯಿತು ಅಂತ ತಿನ್ನುವುದಲ್ಲ, ನಿಜವಾದ ಹಸಿವು. ಶಿವಮೊಗ್ಗದಲ್ಲಿ ಇಳಿದು ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಹೋದೆ.

ಕುಣಿತ ನೋವಿಗೆ ಮದ್ದು ಅಂತ ಹೇಳುವ ಜನ ಈಗ ಬಹಳ. ಅದನ್ನು ಚಿಕಿತ್ಸೆ ಅಂತ ಮಾರುವವರೂ ಇದ್ದಾರೆ. ನನಗೆ ಅವರಲ್ಲಿ ನಂಬಿಕೆ ಕಡಿಮೆ. ಆದರೆ ಒಂದು ಪ್ರಯೋಗ ಕುತೂಹಲದ್ದು. ಆಕ್ಸ್‌ಫರ್ಡ್‌ನ ಬ್ರಾನ್ವಿನ್ ಟಾರ್ ಮತ್ತು ಜೊತೆಗಾರರು ಬ್ರೆಜಿಲ್ ದೇಶದ ಹೈಸ್ಕೂಲ್ ಮಕ್ಕಳನ್ನು ಕುಣಿಸಿ ನೋಡಿ 2015ರಲ್ಲಿ ಪ್ರಕಟಿಸಿದ್ದು. ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಕಟ್ಟಿ ಗಾಳಿ ತುಂಬುತ್ತ ಹೋದರು, ನೋವು ತಾಳಲಾರದೆ ಸಾಕು ಅಂದಾಗ ನಿಲ್ಲಿಸಿದರು. ಎಲ್ಲರ ಜೊತೆ ಒಂದೇ ಹೆಜ್ಜೆ ಹಾಕಿ ಕುಣಿದ ಮಕ್ಕಳು ಹೆಚ್ಚು ನೋವು ತಾಳಿದರು. ತಮ್ಮ ಪಾಡಿಗೆ ಬೇರೆ ಬೇರೆ ಹೆಜ್ಜೆ ಹಾಕಿದವರು ಅಷ್ಟು ತಾಳಲಿಲ್ಲ. ಒಪ್ಪುವಂಥದ್ದೇ. ತೋಳಿನ ನೋವಿನ ಮಟ್ಟಿಗೆ ಇದು ಸರಿ. ಬೇರೆ ನೋವಿನ ಲೆಕ್ಕ ಅವರು ತೆಗೆದಿಲ್ಲ. ನನ್ನ ಅನುಭವದಲ್ಲಿ ದುಃಖ ಒಂದು ಗುಲಗಂಜಿಯೂ ಕಡಿಮೆಯಾಗಿಲ್ಲ. ಅದರ ಪಕ್ಕದಲ್ಲಿ ಬೇರೆ ಸಂಗತಿಗಳಿಗೂ ಜಾಗವಾಗಿದೆ, ಅಷ್ಟೆ. ಮೊಣಕಾಲು ನೋವು, ಷೂ ಕಚ್ಚಿದ್ದು, ಹಸಿರು ಪಟ್ಟಿಯವರ ಮೇಲೆ ಸಿಟ್ಟು.

ಮನೆಯಲ್ಲಿ ಆದದ್ದನ್ನು ಹೇಳಬೇಕು. ನಾವಿಬ್ಬರೂ ಮಾತಾಡುವುದನ್ನೇ ಬಿಟ್ಟಿದ್ದೆವು. ಜಗಳವಲ್ಲ. ಯಾವ ಮಾತು ತೆಗೆದರೂ ಅವನ ಹತ್ತಿರ ಹೋಗಿ ನಿಲ್ಲುತ್ತಿತ್ತು, ಹಾಗಾಗಿ ತೆಗೆಯುತ್ತಿರಲಿಲ್ಲ. ನಾನು ಭದ್ರಾವತಿಯಿಂದ ಬಂದ ಒಂದು ರಾತ್ರಿ ಅವಳು ಊಟಕ್ಕೆ ಬಡಿಸುತ್ತ "ಇವತ್ತು ಯಾರು ತಪ್ಪಿದ್ರು?" ಅಂದಳು. ಹೇಳಿದೆ. ಮುಂದಿನ ಸಲವೂ ಕೇಳಿದಳು. ಬ್ಯಾಂಕಿನವರು, ಹಸಿರು ಪಟ್ಟಿಯವರು, ಐದರಿಂದ ಎಣಿಸುವ ತಂಗಿ, ಬೈಯುವ ಮೇಷ್ಟ್ರು ಎಲ್ಲರೂ ಅವಳಿಗೆ ಪರಿಚಯವಾದರು, ಒಬ್ಬರನ್ನೂ ಅಲ್ಲಿ ನೋಡದೆ. "ಆ ಹಸಿರಿನವರು ಒಳಗಿನಿಂದ ಯಾಕೆ ಹೋಗ್ತಾರೆ, ಅಷ್ಟೂ ತಿಳಿಯಲ್ವಾ" ಅಂತ ಅವಳಿಗೇ ಸಿಟ್ಟು. ಆಮೇಲೆ ತಿಳಿಯಿತು, ತೀರ್ಥಹಳ್ಳಿಯಲ್ಲಿ ಶಾಲೆಗೆ ಹೋಗುವಾಗ ಅವಳು ಕೋಲಾಟದ ತಂಡದಲ್ಲಿದ್ದಳು. ಮದುವೆಯಾಗಿ ಇಷ್ಟು ವರ್ಷ ನನಗೆ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಒಂದು ದಿನ ಅಡುಗೆಮನೆಯಲ್ಲಿ ಲಟ್ಟಣಿಗೆ ನನ್ನ ಕೈಗೆ ಕೊಟ್ಟು ತಾನು ಸೌಟು ಹಿಡಿದು, "ಹೊಡೆಯೋದಲ್ಲ ರೀ, ತಾಗಿಸೋದು" ಅಂತ ತೋರಿಸಿಕೊಟ್ಟಳು. ಸೌಟಿನಲ್ಲಿದ್ದ ಸಾರು ನನ್ನ ಅಂಗಿಗೆ ಹಾರಿತು. ಕಲೆ ಇನ್ನೂ ಹೋಗಿಲ್ಲ.

ಊರಿನ ಮಾತೂ ಬಂತು. ಭದ್ರಾವತಿಯಲ್ಲಿ ನನ್ನನ್ನು ಕಂಡ ದೂರದ ಸಂಬಂಧಿಯೊಬ್ಬರು ಶಿವಮೊಗ್ಗದಲ್ಲಿ ಸುದ್ದಿ ಮಾಡಿದರು. ಮಗನ ವರ್ಷಾಬ್ದಿಕ ಆಗಿ ಎಷ್ಟು ದಿನವಾಯಿತು ಅಂತ ಒಬ್ಬರು ಬೆರಳು ಮಡಿಸಿ ಎಣಿಸಿದರಂತೆ. ಹಬ್ಬ ಮಾಡದ ಮನೆಯವನು ಕುಣಿಯುವುದುಂಟೇ ಅಂತ ಇನ್ನೊಬ್ಬರು. ನಾನು ಉತ್ತರ ಕೊಡಲಿಲ್ಲ. ಕೊಟ್ಟವಳು ನನ್ನ ಹೆಂಡತಿ, ಅದೂ ಒಂದು ಮದುವೆ ಮನೆಯಲ್ಲಿ, ಎಲ್ಲರೆದುರಿಗೆ: "ಕೂತು ಅತ್ತಾಗ ನೋಡೋಕೆ ಬಂದೋರು, ನಿಂತು ಕುಣಿದಾಗಲೂ ಬಂದು ನೋಡಿ." ಆ ಮೇಲೆ ಯಾರೂ ಎಣಿಸಲಿಲ್ಲ.

ಹೋಗಲಾಗದ ದಿನಗಳೂ ಇವೆ. ಅವನ ಹುಟ್ಟಿದ ದಿನ ಕೂಡಲಿಗೆ ಹೋಗುತ್ತೇವೆ. ಶಿವಮೊಗ್ಗದ ಪಕ್ಕದಲ್ಲಿ ಹರಿಯುವ ತುಂಗೆ, ಭದ್ರಾವತಿಯ ನಡುವೆ ಹರಿಯುವ ಭದ್ರೆ ಎರಡೂ ಸೇರಿ ತುಂಗಭದ್ರೆಯಾಗುವ ಜಾಗ. ಸಂಗಮೇಶ್ವರ, ರಾಮೇಶ್ವರ ದೇವಸ್ಥಾನಗಳಿವೆ, ಮಠಗಳಿವೆ, ನೀರಿನ ನಡುವೆ ಒಂದು ಚಿಕ್ಕ ಗುಡಿ. ಅವನ ಅಸ್ಥಿ ಬಿಟ್ಟದ್ದು ಅಲ್ಲೇ. ಬೇಸಿಗೆಯಾದರೆ ಮೆಟ್ಟಿಲಿಳಿದು ಮರಳಿನಲ್ಲಿ ನಡೆಯಬಹುದು, ಮಳೆಗಾಲದಲ್ಲಿ ಎರಡು ಹೊಳೆಯ ನೀರೂ ಕೆಂಪಾಗಿ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಕಳೆದ ವರ್ಷ ಆ ದಿನ ತರಗತಿಯ ದಿನವೇ ಆಗಿತ್ತು. ನಾನು ತಿಳಿಸಿರಲಿಲ್ಲ. ಸಂಜೆ ಮೇಷ್ಟ್ರ ಫೋನ್ ಬಂತು. "ಎಲ್ರೀ ಹೋದ್ರಿ? ನೀಲಿ ಪಟ್ಟಿ ನೇತಾಡ್ತಿದೆ." ಕೂಡಲಿಯಲ್ಲಿದ್ದೇನೆ ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಸರಿ. ಶುಕ್ರವಾರ ಬರ್ರಿ, ಜಡೆ ಹಾಗೇ ಬಿಟ್ಟಿರ್ತೀವಿ" ಅಂದರು. ಬೇರೆ ಏನನ್ನೂ ಹೇಳಲಿಲ್ಲ. ನನಗೆ ಸಿಕ್ಕ ಸಂತಾಪಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಈಗ ಭದ್ರಾವತಿಯ ಸಂತೆಯಲ್ಲೇ ತರಕಾರಿ ತರುತ್ತೇನೆ. ಅಲ್ಲಿ ಒಬ್ಬ ಹೆಂಗಸು ಇದ್ದಾಳೆ, ಮಹಾ ಗಟ್ಟಿಗಿತ್ತಿ. ಬದನೆಕಾಯಿಗೆ ಐದು ರೂಪಾಯಿ ಇಳಿಸು ಅಂದರೆ "ಶಿವಮೊಗ್ಗದಿಂದ ಬಸ್ ಚಾರ್ಜ್ ಕೊಟ್ಟು ಬರ್ತೀರಿ, ನನ್ನ ಹತ್ರ ಐದು ರೂಪಾಯಿಗೆ ಅಳ್ತೀರಿ" ಅನ್ನುತ್ತಾಳೆ. ಒಂದು ಪೈಸೆ ಬಿಟ್ಟಿಲ್ಲ. ಕೊತ್ತಂಬರಿಗೂ ಕಾಸು ಎಣಿಸಿಕೊಳ್ಳುತ್ತಾಳೆ.

ಇದನ್ನು ಬರೆಯುತ್ತಿರುವುದಕ್ಕೆ ಒಂದು ಕಾರಣವುಂಟು. ಬ್ಯಾಂಕಿನವರು ಮಗನ ಮನೆಗೆ ಅಂತ ಬೆಂಗಳೂರಿಗೆ ಹೋದರು, ಸದ್ಯಕ್ಕೆ ಬರುವ ಹಾಗೆ ಕಾಣುವುದಿಲ್ಲ. ಹೆಂಡತಿಯನ್ನು ಕೇಳಿದೆ, "ನೋಡೋಣ" ಅಂದಿದ್ದಾಳೆ. ಅವಳ "ನೋಡೋಣ"ಕ್ಕೆ ಮೂರು ಅರ್ಥ. ಈಗ ನಾವು ಹದಿನೈದು ಜನ, ಜಡೆಗೆ ಹದಿನಾರು ಬೇಕು. ಶಿವಮೊಗ್ಗ, ಭದ್ರಾವತಿಯ ಕಡೆ ಯಾರಾದರೂ ಬರುವವರಿದ್ದರೆ ಮಂಗಳವಾರ, ಶುಕ್ರವಾರ ಸಂಜೆ ಐದಕ್ಕೆ ಬನ್ನಿ. ಕುಣಿಯಲು ಬರಬೇಕಿಲ್ಲ, ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಕ್ಯಾನ್ವಾಸ್ ಷೂ ನೀವು ತರಬೇಕು, ಕೋಲು ಮೇಷ್ಟ್ರು ಕೊಡುತ್ತಾರೆ. ಖಾಲಿ ಇರುವುದು ಹಳದಿ ಪಟ್ಟಿ.